ಗಿಣಿಹಸಿರು ಸೀರೆಯೂ ಫೋಲಿಯೊ ನಂಬರೂ

ಇದು 2001ರ ಮಾತು. ಇಳಕಲ್ಲಿನಲ್ಲಿ ನಮ್ಮದು ಕೈಮಗ್ಗದ ಮನೆ. ನಮ್ಮ ಯಜಮಾನರು ಮದುವೆಗೆ ಮುಂಚೆ ಯಾವುದೋ ಕಂಪನಿಯ ಷೇರು ಕೊಂಡಿದ್ದರು. ಮಗ್ಗ ಬಿಟ್ಟರೆ ಅವರ ಹೆಸರಲ್ಲಿದ್ದ ಆಸ್ತಿ ಅದೊಂದೇ. ಕಾಗದದ ಷೇರನ್ನೆಲ್ಲ ಕಂಪ್ಯೂಟರಿಗೆ ಹಾಕಿಸಬೇಕಂತೆ ಎಂದು ಬಾಗಲಕೋಟೆಗೆ ವಿಚಾರಿಸಲು ಹೋಗಿದ್ದವರು ಬಂದವರೇ ಟ್ರಂಕು ಸುರುವಿದರು.

"ಫೋಲಿಯೊ ನಂಬರ್ ಬೇಕಂತ. ಸರ್ಟಿಫಿಕೇಟಿನ ಮ್ಯಾಲೆ ಇರ್ತೈತಿ. ಅದಿಲ್ದಿದ್ರ ಷೇರು ನಮ್ಮವು ಅಂತ ತೋರ್ಸಾಕ ಬರೂದಿಲ್ಲ!"

ಕಂಪನಿಯ ಉಳಿದ ಪತ್ರಗಳನ್ನು ಗೆದ್ದಲು ಎಂದೋ ತಿಂದಿತ್ತು.

ಆ ಸರ್ಟಿಫಿಕೇಟು ಎಲ್ಲಿ ಹೋಗಿದೆಯೆಂದು ನನಗೆ ಥಟ್ಟನೆ ಹೊಳೆಯಿತು. ಸೀರೆಯ ಘಡಿ ನೆಟ್ಟಗೆ ನಿಲ್ಲಲಿ ಎಂದು ಮಡಿಕೆಯೊಳಗೆ ದಪ್ಪ ಕಾಗದ ಇಡುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ರಟ್ಟು ಮುಗಿದಾಗ, ಸುತ್ತ ಬಳ್ಳಿಯ ಚಿತ್ರವಿದ್ದ ಒಂದು ಗಟ್ಟಿ ಇಂಗ್ಲಿಷ್ ಕಾಗದವನ್ನು ಗಿಣಿಹಸಿರು ಸೀರೆಯೊಳಗೆ ಇಟ್ಟು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹುನಗುಂದದ ಅಕ್ಕನಿಗೆ ಅವಳ ಮಗಳ ಮದುವೆಯಲ್ಲಿ ಉಡುಗೊರೆಯಾಗಿ ಆಯೇರ ಮಾಡಿದ್ದೆ. ಇಂಗ್ಲಿಷ್ ನನಗೆಲ್ಲಿ ಬರಬೇಕು?

ನಿಜ ಹೇಳಿದರೆ ಮನೆಯಲ್ಲಿ ರಾಮಾಯಣ. "ಅಕ್ಕಗ ಆರಾಮಿಲ್ಲಂತ" ಎಂದು ಸುಳ್ಳು ಹೇಳಿ ಮರುದಿನ ಬಸ್ ಹತ್ತಿದೆ. ದಡಬಡ ರೊಟ್ಟಿ ಬಡಿಯುತ್ತಿದ್ದ ಅಕ್ಕ, ಸೀರೆ ಎಂದೊಡನೆ ಕೈ ನಿಲ್ಲಿಸಿದಳು.

"ಸಿಟ್ಟಾಗಬ್ಯಾಡವಾ. ಅದನ್ನ ಬಾದಾಮಿ ನಮ್ಮ ನಾದಿನಿಗೆ ಆಯೇರ ಮಾಡೇನಿ."

"ಬಿಚ್ಚಿ ನೋಡಿದ್ದೇನು?"

"ಆಯೇರದ ಸೀರಿ ಯಾರರೆ ಬಿಚ್ತಾರೇನು? ಘಡಿ ಮುರದ್ರ ಮತ್ತೊಬ್ಬರಿಗೆ ಹೆಂಗ ಕೊಡೂದು?"

ಅದೂ ಖರೆ. ನಾನೇನು ಕಡಿಮೆಯವಳೇ? ನಾನೂ ಹಾಗೆ ಎಷ್ಟೋ ಸೀರೆ ದಾಟಿಸಿದ್ದೇನೆ. ಅಕ್ಕನನ್ನೂ ಎಳೆದುಕೊಂಡು ಬಾದಾಮಿಗೆ ಹೋದೆ. ಅವಳ ನಾದಿನಿ ಚಹಾ ಕೊಟ್ಟು, ನೆಲ ನೋಡುತ್ತಾ ಹೇಳಿದಳು.

"ಹೋದ ವರ್ಷ ನಮ್ಮ ಹೊಸಾ ಮನಿ ವಾಸ್ತುಕ್ಕ ಇಳಕಲ್ಲಿಂದ ನಿಮ್ಮ ಅತ್ತಿಯವರು ಬಂದಿದ್ರಲ್ರಿ, ಅವರಿಗೇ ಕೊಟ್ಟೇನ್ರಿ."

ಅಯ್ಯೋ ಶಿವನೇ! ನಾನು ಎರಡು ಊರು ಅಲೆದದ್ದು ನಮ್ಮ ಮನೆಯ ಪೆಟ್ಟಿಗೆಯಲ್ಲಿದ್ದ ಸೀರೆಗಾಗಿ!

ಮನೆಗೆ ಬಂದು ಕೇಳಿದರೆ ಅತ್ತೆ ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟರು. "ಅದನ್ನ ಮುಟ್ಟಬ್ಯಾಡ. ನಿಮ್ಮ ಅಕ್ಕನ ಮೊಮ್ಮಗನ ಕೂದ್ಲಾ ತಗಸೂ ಜಾವಳಕ್ಕ ಕೊಡಾಕ ಇಟ್ಟೇನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಯಜಮಾನರೂ ಬಂದರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಎಲ್ಲವನ್ನೂ ಒಪ್ಪಿಕೊಂಡು, ಅತ್ತೆಯನ್ನು ಎಬ್ಬಿಸಿ ಪೆಟ್ಟಿಗೆಯಿಂದ ಸೀರೆ ತೆಗೆದು, ಅವರ ಎದುರಿಗೇ ಅದರ ಘಡಿ ಬಿಚ್ಚಿದೆ. ಕಾಗದ ಜಾರಿ ಬಿತ್ತು. ನಂಬರು ಸ್ವಚ್ಛವಾಗಿ ಕಾಣುತ್ತಿತ್ತು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ.

ಅವರು ಕಾಗದವನ್ನು ಎತ್ತಿಕೊಳ್ಳಲೇ ಇಲ್ಲ. ಸೆರಗಿನ ಮೇಲೆ ಕೈಯಾಡಿಸಿದರು.

"ಇದು ನಾ ನೇಯ್ದದ್ದಲ್ಲೇನು? ಎರಡು ಮನಿ ತಿರುಗಿ ಬಂತು, ಒಬ್ಬರೂ ಉಟ್ಟಿಲ್ಲ. ಬಣ್ಣ ಚಂದಿಲ್ಲೇನು?"

ಅವರು ಬೈದಿದ್ದರೇ ಚೆನ್ನಾಗಿತ್ತು. ಒಳಗೆ ಹೋಗಿ ಅದೇ ಸೀರೆ ಉಟ್ಟು ಬಂದು ಅವರ ಮುಂದೆ ನಿಂತೆ. "ಜಾವಳಕ್ಕ ಇನ್ನೇನ ಕೊಡೂದು?" ಎಂದು ಅತ್ತೆ ಗೊಣಗಿದರು. ಯಜಮಾನರು ಮಾತ್ರ ನನ್ನನ್ನು ನೋಡಿ ನಕ್ಕು, ಆಮೇಲೆ ಕಾಗದ ಎತ್ತಿಕೊಂಡರು.

ಷೇರುಗಳು ಕಂಪ್ಯೂಟರು ಸೇರಿದವು. ಈಗ ನಾನು ಯಾರಿಗೇ ಆಯೇರ ಮಾಡಲಿ, ಅವರ ಕಣ್ಣೆದುರೇ ಘಡಿ ಮುರಿದು, "ಇನ್ನ ಇದನ್ನ ನೀನ ಉಡಬೇಕವಾ" ಎಂದು ಕೊಡುತ್ತೇನೆ.