ವೈಜಯಂತಿಯ ಹರಿಯದ ಬಲೆ

ಅವರ್ಸಾ ಊರಿನ ವೈಜಯಂತಿಗೆ ಹೇಸಿಗೆ ಎನ್ನುವುದು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸ್ಸಿನ ಕಂಬಿ ಹಿಡಿಯಲು ಹೇಸಿಗೆ, ಮಂದಿಮನೆಯ ಚಹಾ ಲೋಟದ ಅಂಚು ಕಂಡರೂ ಹೇಸಿಗೆ. ಇವೆಲ್ಲಕ್ಕಿಂತ ದೊಡ್ಡದು ಕಳಪೆ ನೂಲಿನ ಮೇಲಿನ ಹೇಸಿಗೆ. ಮೂವತ್ತು ವರ್ಷದಿಂದ ಕ್ರೋಶಾ ಕಡ್ಡಿ ಹಿಡಿದ ಕೈ ಅದು. ಅವಳು ಹೆಣೆದ ಬಾಗಿಲ ತೋರಣ, ಟೀಪಾಯಿ ಹೊದಿಕೆ, ಕೂಸಿನ ಟೊಪ್ಪಿಗೆಗಳು ಅಂಕೋಲಾದಿಂದ ಕಾರವಾರದವರೆಗೆ ಎಷ್ಟು ಮನೆಗಳಲ್ಲಿವೆಯೋ ಅವಳಿಗೇ ನೆನಪಿಲ್ಲ.

ಅವಳು ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಅಂಕೋಲಾ ಪೇಟೆಯ ನೂಲಿನಂಗಡಿಯವನ ಮುಖ ಸಪ್ಪಗಾಗುತ್ತಿತ್ತು. ಉಂಡೆಯಿಂದ ಎಳೆ ತೆಗೆದು ಹುರಿ ಬಿಚ್ಚಿ ನೋಡುವಳು, ಜಗ್ಗುವಳು, ಹೆಬ್ಬೆರಳು ಒದ್ದೆ ಮಾಡಿಕೊಂಡು ಅಂಗೈ ಮೇಲೆ ಇಪ್ಪತ್ತು ಸಲ ತಿಕ್ಕುವಳು. ನವಿರು ಎದ್ದರೆ ಮುಗಿಯಿತು.

"ಇದೆಂತದು, ನಾಯಿ ಮೈ ಕೂದಲಾ? ಆಚೆ ಇಡು."

"ಈಗ ಎಲ್ರೂ ಇದನ್ನೇ ಒಯ್ತಾರೆ ಅಕ್ಕಾ."

"ಒಯ್ಯಲಿ. ನಾಲ್ಕು ಸಲ ತೊಳೆದ ಮೇಲೆ ಅವ್ರಿಗೇ ಗೊತ್ತಾಗ್ತದೆ."

ಇಂಥವಳ ಕೈಯಿಂದ ಹೆಣೆಸಿಕೊಂಡರೂ ವರ್ಷವರ್ಷವೂ ಹಾಳಾಗುತ್ತಿದ್ದ ವಸ್ತು ಒಂದಿತ್ತು. ಹಿತ್ತಲ ಕರಿ ಇಶಾಡ ಮಾವು ಕೊಯ್ಯಲು ಉದ್ದ ಗಳದ ತುದಿಗೆ ಕಟ್ಟುವ ಬಲೆಚೀಲ. ಅದನ್ನು ಹತ್ತಿ ನೂಲಿನಲ್ಲಿ ಹೆಣೆಯುತ್ತಿದ್ದಳು. ಸೊನೆ ಕುಡಿದು ಕುಡಿದು ಅದು ಕಪ್ಪಗೆ ಅಂಟಂಟಾಗಿ, ಇರುವೆ ಮುತ್ತಿಕೊಂಡು, ಹುಳಿ ನಾತ ಹೊಡೆಯುತ್ತಿತ್ತು. ಕಾಯಿ ಕೊಯ್ಯಲು ಬರುವ ಜಟ್ಟು ಅದನ್ನು ಜಗಲಿಯ ಮೇಲಿಟ್ಟರೆ ವೈಜಯಂತಿ ಕೋಲಿನಿಂದ ಎತ್ತಿ ಹೊರಗೆ ಒಯ್ಯುವಳು. ಹೋದ ಸಲವಂತೂ ಕೊಯ್ಲಿನ ನಡುವೆಯೇ ಬುಡ ಹರಿದು ಏಳೆಂಟು ಕಾಯಿ ಕಲ್ಲಿನ ಮೇಲೆ ಬಿದ್ದು ಒಡೆದಿದ್ದವು.

ಈ ವರ್ಷ ಹಾಗಾಗುವಂತಿರಲಿಲ್ಲ. ಕಾರವಾರದ ಹತ್ತಿರದ ಕಿನ್ನರಕ್ಕೆ ಮದುವೆ ಮಾಡಿಕೊಟ್ಟ ಮಗಳು ಪ್ರೇಕ್ಷಾಗೆ ಏಳು ತಿಂಗಳು. ಓಡಾಡಬೇಡ ಎಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಬರುವುದು ತಪ್ಪಿತ್ತು. ಬೇರೇನೂ ಬೇಡ, ನಮ್ಮ ಮರದ ಇಶಾಡ ಹಣ್ಣು ತಿನ್ನಬೇಕು ಎಂದು ದಿನಾ ಫೋನಿನಲ್ಲಿ ಹೇಳುತ್ತಿದ್ದಳು. ಮರದಲ್ಲಿ ನೋಡಿದರೆ ಅರವತ್ತು ಕಾಯಿಯೂ ಇಲ್ಲ. ಒಂದನ್ನೂ ನೆಲಕ್ಕೆ ಬೀಳಗೊಡುವುದಿಲ್ಲ ಎಂದು ವೈಜಯಂತಿ ಮಾತು ಕೊಟ್ಟುಬಿಟ್ಟಳು.

ನಾಲ್ಕು ಬಗೆಯ ನೂಲು ತಂದು ನಾಲ್ಕು ತುಂಡು ಹೆಣೆದಳು. ಸೊನೆ ಹಚ್ಚಿ ಎಂಟು ದಿನ ಬಾವಿ ನೀರಿನ ಬಾನಿಯಲ್ಲಿ ಮುಳುಗಿಸಿಟ್ಟಳು, ಬಿಸಿಲಿಗೆ ಹಾಕಿದಳು, ಒರಳಿನ ಗುಂಡು ಕಟ್ಟಿ ತೂಗುಬಿಟ್ಟಳು. ಹತ್ತಿಯದು ಲೋಳೆಯಾಯಿತು. ಅಕ್ರಿಲಿಕ್ಕಿನದು ಜೋತುಬಿದ್ದು ಎರಡು ಪಟ್ಟು ಉದ್ದವಾಯಿತು. ಎರಡನ್ನೂ ಕೂಡಿಸಿ ಮಾಡಿದ ಮಿಶ್ರ ನೂಲಿಗೆ ಬೂಷ್ಟು ಹಿಡಿಯಿತು. ಮೀನಿನ ಬಲೆಗೆ ಬಳಸುವ ಸಪೂರ ನೈಲಾನು ಮಾತ್ರ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇ ತಡ, ಅಂಗಡಿಯಿಂದ ಆಗಷ್ಟೇ ತಂದಂತೆ ಹೊಳೆಯಿತು. ಕೊಳೆ ಹಿಡಿಯದ ನೂಲು ಒಂದಾದರೂ ಈ ಲೋಕದಲ್ಲಿದೆಯಲ್ಲ ಎಂದು ಅವಳಿಗೆ ಖುಷಿಯೋ ಖುಷಿ. ಎರಡೇ ದಿನದಲ್ಲಿ ಬಿಗಿಯಾಗಿ ಚೀಲ ಹೆಣೆದು, ಫೋಟೋ ತೆಗೆದು ಕಿನ್ನರಕ್ಕೂ ಕಳಿಸಿದಳು.

ಜಟ್ಟು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದ. "ಗಟ್ಟಿ ಉಂಟು ಅಕ್ಕಾ. ಸ್ವಲ್ಪ ಒರಟಾಯ್ತೇನೋ."

"ಒರಟಾದ್ರೆ ನಿಂಗೆಂತ? ನೀನು ಉಡೂಕೆ ಹೆಣೆದದ್ದಲ್ಲ."

ಜಟ್ಟು ನಕ್ಕು ಗಳ ಎತ್ತಿದ. ಮಳೆ ಬರುವಂತಿತ್ತು, ಅಂದೇ ಎಲ್ಲವನ್ನೂ ಕೊಯ್ದು ಮುಗಿಸಿದ. ಒಂದು ಕಾಯಿಯೂ ನೆಲ ಮುಟ್ಟಲಿಲ್ಲ. ವೈಜಯಂತಿ ತಾನೇ ಹುಲ್ಲು ಹಾಸಿ ಒಳಕೋಣೆಯಲ್ಲಿ ಹಣ್ಣಿಗಿಟ್ಟಳು.

ಆರನೆಯ ದಿನ ಕೋಣೆಯಿಂದ ನಾತ ಬಂತು. ಮೊದಲು ಇಲಿ ಸತ್ತಿರಬೇಕೆಂದುಕೊಂಡಳು. ಹುಲ್ಲು ಸರಿಸಿದರೆ ನೊಣಗಳು ಗುಯ್ಯೆಂದು ಮುಖಕ್ಕೇ ಎದ್ದವು. ಕೈ ಹಾಕಿದಲ್ಲಿ ಹಣ್ಣು ಪಿಚಕ್ಕೆಂದಿತು, ಬೆರಳ ಸಂದಿಯಲ್ಲಿ ಬಿಳಿ ಹುಳ ಮಿಸುಕಾಡಿತು. ಅವಳು ಬಚ್ಚಲಿಗೆ ಓಡಿದಳು. ಕೈಯನ್ನು ಮೂರು ಸಲ ಸಾಬೂನು ಹಾಕಿ ತೊಳೆದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಮರಳಿ ಬಂದು, ಇನ್ನೂ ಪೂರ್ತಿ ಕೊಳೆಯದ ಒಂದನ್ನು ಬೆಳಕಿಗೆ ಹಿಡಿದಳು. ಸಿಪ್ಪೆಯ ತುಂಬ ಕಪ್ಪು ಗೆರೆಗಳು. ಗೆರೆಗೆ ಗೆರೆ ಕೂಡಿ ಕಣ್ಣುಕಣ್ಣಾಗಿದ್ದವು. ಆ ಹೆಣಿಗೆ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗೆರೆ ಇದ್ದಲ್ಲೆಲ್ಲ ಕೊಳೆ ಶುರುವಾಗಿತ್ತು.

ಜಟ್ಟುವನ್ನು ಕರೆಸಿದಳು. ಅವನು ಹಣ್ಣನ್ನು ತಿರುಗಿಸಿ ನೋಡಿ ಮೆಲ್ಲಗೆ ಕೆಳಗಿಟ್ಟ.

"ಇಶಾಡದ ಸಿಪ್ಪೆ ತೆಳು ಇರ್ತದಲ್ಲ ಅಕ್ಕಾ. ಮೊದ್ಲಿನ ನೂಲು ಕಾಯಿಗೆ ಸೋಲ್ತಿತ್ತು. ಇದು ಸೋಲೂದಿಲ್ಲ, ಕೊಯ್ತದೆ. ನೀವು ಕಲ್ಲು ಕಟ್ಟಿ ನೋಡಿದ್ರಿ, ನೀರಲ್ಲಿಟ್ಟು ನೋಡಿದ್ರಿ. ಒಂದು ಕಾಯಿ ಹಾಕಿ ನೋಡೂಕೆ ಆಗ್ಲಿಲ್ಲ."

ಅವಳು ಹೊರಗೆ ನೋಡಿದಳು. ಅಂಗಳದಲ್ಲಿ ಗಳಕ್ಕೆ ಕಟ್ಟಿದ ಬಲೆ ಒಂದು ಕಲೆಯೂ ಇಲ್ಲದೆ ಹೊಳೆಯುತ್ತಿತ್ತು. ಅದರಷ್ಟು ಅಸಹ್ಯದ ವಸ್ತುವನ್ನು ಅವಳು ತನ್ನ ಜನ್ಮದಲ್ಲೇ ಕಂಡಿರಲಿಲ್ಲ. ಅದನ್ನು ಹೆಣೆದ ತನ್ನ ಕೈಯನ್ನು ನೋಡಿಕೊಳ್ಳಲೂ ಅವಳಿಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಕಿನ್ನರದಿಂದ ಫೋನು ಬಂತು.

"ಆಯೀ, ಹಣ್ಣಾಯ್ತಾ?" ಪ್ರೇಕ್ಷಾ ಕೇಳಿದಳು. "ನಾಳೆ ಇವರು ಅಂಕೋಲಾಕ್ಕೆ ಬರ್ತಾರೆ, ಅವರ ಕೈಲಿ ಕೊಟ್ಟು ಕಳ್ಸು. ಅತ್ತೆನೂ ಕೇಳ್ತಿದ್ರು, ಬಲೆ ಹರೀಲಿಲ್ಲ ಅಲ್ವಾ ಅಂತ."

ಮಳೆ ಹಿಡಿಯಿತು ಎನ್ನಬಹುದಿತ್ತು. ಕೊಯ್ದವನ ಕೈ ಸರಿಯಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು, ಆದರೆ ಕೊಯ್ದವನು ಎದುರಿಗೇ ನಿಂತು ನೆಲ ನೋಡುತ್ತಿದ್ದ. ಅವನ ಮೇಲೆ ಹಾಕಹೊರಟ ತನ್ನ ಬಾಯಿಯ ಬಗ್ಗೆಯೂ ಅವಳಿಗೆ ಹೇಸಿಗೆಯೆನಿಸಿತು.

"ಬಲೆಗೆ ಎಂತದೂ ಆಗ್ಲಿಲ್ಲ," ಎಂದಳು ವೈಜಯಂತಿ. "ಹಣ್ಣು ಒಂದೂ ಉಳೀಲಿಲ್ಲ, ಮಗಾ. ಮರ ಕೊಟ್ಟಿತ್ತು, ಜಟ್ಟು ಸರಿಯಾಗೇ ಕೊಯ್ದಿದ್ದ. ನಾನೇ ಕೊಳೆಸ್ದೆ."