ಬಾಗಿದವನ ಮುಖ

ಬಸವಕಲ್ಯಾಣದ ಬಜಾರಿನಲ್ಲಿ ಗೋಣಿತಟ್ಟು ಹಾಸಿ, ಮೆಂತೆಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ ಕೂತವಳಿಗೆ ಲೋಕವೆಂಬುದು ಸೊಂಟದಿಂದ ಕೆಳಗಷ್ಟೇ ಕಾಣುತ್ತದೆ. ನೀವು ನಿಂತು ಸೊಪ್ಪು ಕೊಳ್ಳುವವರು, ನಿಮಗಿದು ಗೊತ್ತಿರಲಿಕ್ಕಿಲ್ಲ. ಗಿರಾಕಿಯ ಮುಖ ನೋಡಲು ಕತ್ತು ಎತ್ತಿದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಹೀಗಾಗಿ ಚಪ್ಪಲಿ, ಸೀರೆಯ ಅಂಚು, ಧೋತರದ ಕೆಸರು ಇವುಗಳಿಂದಲೇ ಮನುಷ್ಯರ ಗುರುತು ಹಿಡಿಯುತ್ತೇನೆ. ಇದರಲ್ಲಿ ಜಾಣತನವೇನಿಲ್ಲ. ಎಷ್ಟೋ ಸಲ ಗುರುತಿಲ್ಲದ ಗಂಡಸನ್ನು "ಬಾರೋ ಅಳಿಯಾ" ಎಂದು ಕರೆದು ನಗೆಪಾಟಲಾಗಿದ್ದೇನೆ.

ನನ್ನ ತಂಗಿಯ ಮಗ ಮಾಣಿಕ ನಾರಾಯಣಪುರದವನು. ಇದೇ ಬಜಾರಿನಲ್ಲಿ ಮೂಟೆ ಹೊರುತ್ತಿದ್ದ. ಈ ಬೇಸಿಗೆಯ ಒಂದು ಸಂತೆಯ ದಿನ ಅವನ ಕೈಗಾಡಿ ದಾರಿಗೆ ಅಡ್ಡವಾಯಿತೆಂದು ಬಂದೋಬಸ್ತಿನ ಮೂರ್ನಾಲ್ಕು ಮಂದಿ ಪೊಲೀಸರು ಗದರಿಸಿದರು, ಅವನು ಒಂದು ಮಾತು ಎದುರಾಡಿ ಗಾಡಿಯತ್ತ ತಿರುಗಿದ, ಹಿಂದಿನಿಂದ ಲಾಠಿ ಬಿತ್ತು. ಮಾಣಿಕ ನನ್ನ ಸೊಪ್ಪಿನ ಎದುರಿಗೇ ಕುಸಿದು ಕೂತು, ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ. ಕೂತವನ ಮೇಲೆ ಲಾಠಿ ಮತ್ತೊಮ್ಮೆ ಇಳಿದು ಅವನ ಮುಂಗೈ ಮುರಿಯಿತು. ಹೊಡೆದವನ ಬೂಟು ಕಂಡೆ, ಖಾಕಿ ಕಂಡೆ, ಮುಖ ಕಾಣಲಿಲ್ಲ. ಆ ಬೂಟು ಇನ್ನೂ ಎದುರಿಗಿರುವಾಗಲೇ ಅವರಲ್ಲಿ ಇನ್ನೊಬ್ಬ ಓಡಿಬಂದು, ಮೊಣಕಾಲೂರಿ, ಮಾಣಿಕನ ಬಗಲಿಗೆ ಕೈ ಹಾಕಿ ಎಬ್ಬಿಸಿದ. ಬಾಗಿದ್ದರಿಂದ ಅವನ ಮುಖ ನನ್ನ ಮುಖದ ಮಟ್ಟಕ್ಕೆ ಬಂತು. ಅವನು ಶರಣಪ್ಪ: ಬಾಯಿ ತೆರೆದರೆ ಬೈಗುಳ, ಇಡೀ ಬಜಾರಿಗೆ ಆಗದವನು.

ಮಾಣಿಕ ಎಡವಿ ಬಿದ್ದ ಎಂದು ಪೊಲೀಸರೆಲ್ಲರೂ ಹೇಳಿದರು. ಹೊಡೆದವನು ಶರಣಪ್ಪನೇ ಎಂದು ಬಜಾರು ಹೇಳಿತು. ದೂರು ಮೇಲಕ್ಕೆ ಹೋಗಿ, ವಿಚಾರಣೆಗೆ ಬೇರೆ ಕಡೆಯ ಸಾಹೇಬರೊಬ್ಬರು ಬರುತ್ತಾರೆಂದು ತಿಳಿದಾಗ ಮಾಣಿಕನ ಹೆಂಡತಿ ಕಮಲಾ ನನ್ನ ಮಗ್ಗುಲಿಗೆ ಬಂದು ಕೂತಳು.

"ದೊಡ್ಡವ್ವ, ಶರಣಪ್ಪನೇ ಹೊಡದಾನಂತ ಹೇಳಿಬಿಡು. ಎಲ್ಲಾರೂ ಅದನ್ನ ಹೇಳಾಕತ್ತಾರ."

"ಎಲ್ಲಾರೂ ಎಲ್ಲಿ ನಿಂತಿದ್ರವ್ವ?"

"ಅವ ನಿನಗ ಎಂದೂ ಬೈದಿಲ್ಲೇನು?"

"ದಿನಾ ಬೈತಾನ. ಬೈದದ್ದಕ್ಕ ಬೇರೆ ಕೇಳೂಣು. ಕೈ ಮುರದದ್ದಕ್ಕ ಅವನ ಹೆಸರು ಹ್ಯಾಂಗ ಹೇಳ್ಲಿ?"

"ಅಂದ್ರ ನೀ ಪೊಲೀಸರ ಕಡಿ ಆದಿ!" ಎಂದವಳು ಸೆರಗು ಕೊಡವಿ ಎದ್ದುಹೋದಳು.

ಅವಳ ಸಿಟ್ಟು ಸುಳ್ಳಲ್ಲ. ಗಂಡನ ಕೈ ಮುರಿದಿರುವಾಗ ಅವಳಿಗೆ ಒಂದು ಹೆಸರು ಬೇಕು. ಖಾಕಿಯವರಿಗೋ ಯಾವ ಹೆಸರೂ ಬೇಡ. ಆದರೆ ನಾನು ಸೊಪ್ಪು ಬಿಡಿಸುತ್ತ ಯೋಚಿಸಿದ್ದು ಇಷ್ಟು: ಶರಣಪ್ಪನ ಹೆಸರು ಹೇಳಿದರೆ ನಿಜವಾಗಿ ಹೊಡೆದವನು ಆ ಹೆಸರಿನ ಮರೆಯಲ್ಲಿ ತಣ್ಣಗೆ ನಿಂತುಬಿಡುತ್ತಾನೆ. ನಾಳೆ ಅದು ಸುಳ್ಳೆಂದು ಬಯಲಾದರೆ, ಮಾಣಿಕ ಪೆಟ್ಟು ತಿಂದದ್ದೂ ಸುಳ್ಳೆಂದು ಎಲ್ಲವನ್ನೂ ಒಟ್ಟಿಗೆ ಗುಡಿಸಿ ಹಾಕುತ್ತಾರೆ. ಅಧಿಕಾರದ ಕೋಲು ಹಿಡಿದವನಿಗೆ ಲೆಕ್ಕ ಕೇಳಲೇಬೇಕು; ಕೇಳುವಾಗ ಅವನ ಕೋಲಿನಂತೆ ಎದುರಿಗೆ ಸಿಕ್ಕವನ ಮೇಲೆ ಬೀಳಬಾರದು.

ಸಾಹೇಬರು ಬಂದರು. ಮೊದಲು ನಿಂತೇ ಕೇಳಿದರು.

"ಅಜ್ಜಿ, ಇಷ್ಟು ಹತ್ತಿರ ಇದ್ದೂ ಮುಖ ಕಾಣಲಿಲ್ಲವೇ?"

"ನಿಂತು ಕೇಳಿದ್ರ ಹ್ಯಾಂಗ ತಿಳೀತದ್ರಿ ಸಾಹೇಬ್ರ? ಕುಂದರ್ರಿ ಇಲ್ಲಿ."

ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವರು ತಟ್ಟಿನ ಮೇಲೆ ಕೂತೇಬಿಟ್ಟರು. "ಬರ್ರಿ ಬರ್ರಿ, ಸಾಹೇಬ್ರು ಕೊತಂಬರಿ ಮಾರಾಕತ್ತಾರ!" ಎಂದು ಬಾಳೆಹಣ್ಣಿನವನು ಕೂಗಿದ. ಅವರು ನಗಲಿಲ್ಲ. ಎದುರು ನಿಂತ ತಮ್ಮ ಡ್ರೈವರನನ್ನು ಕತ್ತೆತ್ತಿ ನೋಡಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮತ್ತೆ ನನ್ನತ್ತ ತಿರುಗಿ, ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ತಿರುಗಿಸಿ ಮುರುಗಿಸಿ ಕೇಳಿದರು. ಆ ನಿಧಾನಕ್ಕೆ ನನಗೆ ಸಿಟ್ಟು ಬಂತು. ಈಗ ಅನಿಸುತ್ತದೆ, ಅಷ್ಟಾದರೂ ನಿಧಾನ ಬೇಕಿತ್ತು.

ಆಮೇಲೆ ಹುಮನಾಬಾದಿನ ತಮ್ಮ ಕಚೇರಿಗೆ ಎಲ್ಲರನ್ನೂ ಕರೆಸಿದರು. ಬಸ್ಸಿನಲ್ಲಿ ಕಮಲಾ ನನ್ನನ್ನು ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತಳು. ಪಡಸಾಲೆಯ ಬೆಂಚಿನ ಮೇಲೆ ಇಬ್ಬರೂ ಕೂತಿದ್ದಾಗ ಶರಣಪ್ಪ ಬಂದು ಕೈಮುಗಿದ.

"ಆಯಿ, ನಾ ಎಬ್ಬಿಸಿದ್ದು ಹೇಳಿದ್ರಂತ. ನನ್ನ ನೌಕರಿ ಉಳಿಸಿದ್ರಿ."

"ನಿನ್ನ ನೌಕರಿ ಸಲುವಾಗಿ ಹೇಳಿಲ್ಲೋ. ಕಂಡದ್ದು ಹೇಳೀನಿ. ನನಗ ಹೊಡದವನ ಕಾಲಷ್ಟ ಕಂಡಾವು, ನಿನಗ ಮುಖ ಕಂಡದ. ಎಡವಿ ಬಿದ್ದ ಅಂತ ಯಾಕ ಹೇಳ್ದಿ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಾಳಿಗಿ ಅವರ ಜೋಡಿನ ಡ್ಯೂಟಿ ಮಾಡಬೇಕ್ರಿ, ಆಯಿ."

"ಮಾಣಿಕ ಯಾರ ಜೋಡಿ ಮಾಡ್ಬೇಕೋ, ಒಂದ ಕೈಲೆ?"

ಶರಣಪ್ಪ ಹೊರಗಿನ ಗೇಟಿನ ಕಡೆ ಎರಡು ಹೆಜ್ಜೆ ಹಾಕಿ, ತಿರುಗಿ ಬಂದು, ಟೋಪಿ ಸರಿಮಾಡಿಕೊಂಡು, ಸಾಹೇಬರ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದ. ಬಾಗಿಲು ಮುಚ್ಚಿತು.

ಕಮಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೆಂಚಿನ ಆ ತುದಿಯಿಂದ ನನ್ನ ಕಡೆ ಸರಿದು ಮೆಲ್ಲಗೆ ಕೇಳಿದಳು.

"ದೊಡ್ಡವ್ವ, ಈಗ ಇವಗ ಶಾಪ ಹಾಕ್ಲ್ಯೋ ಬ್ಯಾಡೋ?"

"ತಡಿ," ಎಂದೆ. "ಹೊರಗ ಬರ್ಲಿ."