ಕಾಕುವಿನ ಎತ್ತರದ ಕದ

ಗಾಡಿಯೊಳಗೆ ಮೇಲಿರುವ ಕಪಾಟಿನ ಕದ ಎತ್ತಿದ್ದೇ ತಡ, ಘಮ್ಮನೆ ಬಂತು... ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಯ ವಾಸನೆ. ಡಬ್ಬಿ ಅಲ್ಲಿಂದ ಹೋಗಿ ಎಷ್ಟು ಕಾಲವಾಯಿತೋ, ಹಲಗೆ ಮಾತ್ರ ಇನ್ನೂ ಬಿಟ್ಟುಕೊಟ್ಟಿಲ್ಲ. ಕದವನ್ನು ಎತ್ತಿ ಹಿಡಿಯುವ ಪಂಪುಗಳು ಸವೆದಿದ್ದವು. ಹೊಸವನ್ನು ಆರಿಸಬೇಕೆಂದು ಅಳತೆ ತೆಗೆಯಲು ಹೋದವನು ಟೇಪು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಸದಲಗಾದಲ್ಲಿ ನಮ್ಮ ಪಕ್ಕದ ಮನೆಯ ಚಿಕ್ಕಮ್ಮ, ನಮ್ಮ ಬಾಯಲ್ಲಿ ಕಾಕು, ಜೈನರು. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟುತ್ತಿರಲಿಲ್ಲ. ಹೊರಗಿನ ಅಡುಗೆ ಒಲ್ಲೆ, ಸೋಸದ ನೀರು ಒಲ್ಲೆ. ಹಾಗಾಗಿ ನಂಟರ ಮನೆ ಬಿಟ್ಟರೆ ಬೇರೆಲ್ಲೂ ರಾತ್ರಿ ಉಳಿದವರಲ್ಲ. ನಾನು ಹಳೆಯ ಶಾಲಾಬಸ್ಸೊಂದನ್ನು ಕೊಂಡು, ಅದರೊಳಗೆ ಮಂಚ, ಒಲೆ, ಕಪಾಟು ಕೂಡಿಸಿ ಓಡಾಡುವ ಮನೆ ಮಾಡುತ್ತಿದ್ದಾಗ ಓಣಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಕಾಕು ಮಾತ್ರ ಒಳಗೆ ಹತ್ತಿ, ಒಲೆಯನ್ನು ಮುಟ್ಟಿ ನೋಡಿ, ಮೆಲ್ಲಗೆ ಕೇಳಿದರು.

"ಇದ ಸಮುದ್ರದ ದಂಡಿತನಾ ಹೋಗತೈತೇನಪಾ? ಹೊತ್ತ ಮುಳಗೂದ ನೋಡಾಕ ಮಂದಿ ಅಲ್ಲಿಮಟಾ ಹೋಗ್ತಾರಂತ. ನಾ ಆ ಹೊತ್ತಿನಾಗ ದಿನಾ ಉಣ್ಣಾಕ ಗಂಗಾಳದ ಮುಂದ ಕುಂತಿರತೇನಿ. ಒಮ್ಮಿನೂ ನೋಡಿಲ್ಲ."

ನನಗೆ ಮೈಯೆಲ್ಲ ಹುರುಪು. "ನಡೀರಿ ಕಾಕು, ತೋರಸ್ತೇನಿ!" ಅಂದುಬಿಟ್ಟೆ. ಆದರೆ ಅವರು ಸೂರ್ಯನನ್ನು ನೋಡಬೇಕೆಂದರೆ ಅಡುಗೆ, ಊಟ ಎರಡೂ ಅದಕ್ಕೆ ಮೊದಲೇ ಮುಗಿದಿರಬೇಕು. ಇಲ್ಲವಾದರೆ ಒಂದೋ ಉಪವಾಸ, ಇಲ್ಲವೋ ಗಂಗಾಳದ ಮುಂದೆಯೇ ಸಂಜೆ.

ತೊಡಕು ಬಂದದ್ದು ಈ ಕದದಿಂದ. ಹಿಟ್ಟು, ಬೇಳೆ ಎಲ್ಲ ಮೇಲಿನ ಕಪಾಟಿನಲ್ಲಿ. ಮೇಲಕ್ಕೆ ಎತ್ತುವ ಕದ; ಒಂದು ಕೈ ಅದನ್ನು ಹಿಡಿದುಕೊಂಡರೆ ಉಳಿಯುವುದು ಒಂದೇ ಕೈ. ಕೋಲು ಆನಿಸಿ ನೋಡಿದೆವು. ಗಾಡಿ ತುಸು ಅಲುಗಿದರೆ ಸಾಕು, ಕೋಲು ಜಾರಿ ಕದ ದಬ್ಬನೆ ಕಾಕುವಿನ ಮುಂಗೈ ಮೇಲೆ ಬೀಳುತ್ತಿತ್ತು.

ಕದವನ್ನು ತಾನೇ ಎತ್ತಿ ಹಿಡಿಯುವ ಗ್ಯಾಸ್ ಪಂಪು ತರಲು ನಿಪ್ಪಾಣಿಯ ಹಾರ್ಡ್‌ವೇರ್ ಅಂಗಡಿಗೆ ಓಡಿದೆ. ಅಂಗಡಿಯವರು ಕದದ ತೂಕ ಎಷ್ಟು ಅಂತ ಕೇಳಿದರು. ನಾನು ಕಬ್ಬಿನ ಸೀಮೆಯವನು, ಟ್ರೇಲರ್ ತುಂಬ ಹೇರಿ ರೂಢಿ. "ಎಲ್ಲಾಕಿಂತ ಗಟ್ಟಿದ ಕೊಡ್ರಿ" ಅಂದೆ. ಆ ಗ್ಯಾಸ್ ಪಂಪು ಕೂಡಿಸಿ ಚಿಲಕ ತೆಗೆದರೆ, ಕದ ಸೊಂಯ್ಯನೆ ಮೇಲೆ ಹೋಗಿ ಛಾವಣಿಗೆ ಅಂಟಿಕೊಂಡಿತು! ಐದಡಿಯೂ ಇಲ್ಲದ ಕಾಕು ತುದಿಗಾಲಲ್ಲಿ ನಿಂತು ಕೈ ಚಾಚಿದರು. ನಿಲುಕಲಿಲ್ಲ.

"ಚಲೋ ಆತು, ಇನ್ನ ಒಂದ ನಿಚ್ಚಣಿಕಿನೂ ತಗೊಂಡ ಬಾ" ಅಂತ ನಕ್ಕರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಗಿಸಿ ಅಂದರು, "ಜಿಗಿಯೂ ಪಂಪ ಬ್ಯಾಡೋ ಬಾಳಾ. ನಾ ಎಲ್ಲಿ ಬಿಡತೇನಿ, ಅಲ್ಲೇ ನಿಲ್ಲಬೇಕ."

ಮರುದಿನ ಕದ ಬಿಚ್ಚಿಸಿ, ಬೆಲ್ಲ ತೂಗುವ ತಕ್ಕಡಿಯಲ್ಲಿ ತೂಗಿಸಿಯೇ ನನ್ನನ್ನು ಅಂಗಡಿಗೆ ಅಟ್ಟಿದರು. ಈ ಸಲ ಆ ತೂಕಕ್ಕೆ ಹೊಂದುವ, ನಡುವೆ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ಜೋಡಿಯನ್ನು ಆರಿಸಿ ತಂದೆ. ಕಾಕು ಕದವನ್ನು ತಮ್ಮ ತಲೆಗಿಂತ ತುಸು ಮೇಲೆ ಎತ್ತಿ ಕೈ ತೆಗೆದರು. ನಿಂತಿತು! ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು, ಸಣ್ಣ ಹುಡುಗಿಯ ಹಾಗೆ.

ಹೊರಟ ದಿನ ಘಾಟಿನಲ್ಲಿ ಲಾರಿಯೊಂದು ಕೆಟ್ಟು ಅಡ್ಡ ನಿಂತು ನಮ್ಮ ಹೊತ್ತನ್ನೆಲ್ಲ ತಿಂದಿತು. ಕೊಂಕಣದ ದಂಡೆ ಮುಟ್ಟಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಗಾಡಿ ನಿಂತಿತೋ ಇಲ್ಲವೋ, ಕಾಕು ಎದ್ದರು. ಕದ ಎತ್ತಿದರು, ಬಿಟ್ಟರು. ಒಂದು ಕೈ ಹಿಟ್ಟಿನ ಡಬ್ಬಿಗೆ, ಇನ್ನೊಂದು ಹಂಚಿಗೆ... ಟಪಟಪ ಜೋಳದ ಭಕ್ರಿ ಬಡಿದು, ಕಡಲೆಹಿಟ್ಟಿನ ಝುಣಕಾ ತಿರುವಿ, ಉಂಡು, ಬಾಯಿ ಮುಕ್ಕಳಿಸಿ ಕೆಳಗಿಳಿದರು. ಸೂರ್ಯ ಇನ್ನೂ ನೀರಿನಿಂದ ಗೇಣು ಮೇಲಿದ್ದ. ಗೆದ್ದೆವು!

ಮರಳಿನ ಮೇಲೆ ಕೂತರು. ಎರಡೂ ಕೈ ಮಡಿಲಲ್ಲಿ ಸುಮ್ಮನಿದ್ದವು. ಪೂರ್ತಿ ಮುಳುಗಿದ ಮೇಲೆ ನನ್ನ ಕಡೆ ತಿರುಗಿದರು.

"ಇಷ್ಟ ದೊಡ್ಡದ ಇರತಿತ್ತೇನೋ ಇದು? ನಾ ಬರೇ ಗ್ವಾಡಿ ಮ್ಯಾಲಿನ ಬಿಸಲ ನೋಡಿ ಉಂಡ ಬಂದೇನಿ."

ಆ ಮುಖದಲ್ಲಿದ್ದ ಖುಷಿಯನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ. ಆಮೇಲೂ ಕೆಲವು ಸಲ ಹೋಗಿ ಬಂದೆವು. ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಅಂದಿನಿಂದ ಗಾಡಿ ಅಂಗಳ ಬಿಟ್ಟು ಕದಲಿರಲಿಲ್ಲ.

ಇವತ್ತು ಆ ಅಳತೆ ಹಿಡಿದು ಮಧ್ಯಾಹ್ನ ಅದೇ ಅಂಗಡಿಗೆ ಹೋದೆ. ಅಂಗಡಿಯವರು ಪೂರ್ತಿ ಮೇಲೆ ಹೋಗುವ ಪಂಪನ್ನೇ ಮುಂದಿಟ್ಟರು. "ನೀವ ಉದ್ದ ಅದೀರಿ, ಇದನ್ನ ಒಯ್ರಿ. ತಲಿಗೆ ಬಡ್ಯೂದಿಲ್ಲ." ಖರೇ ಮಾತು. ಆದರೂ ಬಿಟ್ಟಲ್ಲಿ ನಿಲ್ಲುವ ಜೋಡಿಯನ್ನೇ ತಂದು ಕೂಡಿಸಿದೆ. ಕದವನ್ನು ಕಾಕು ನಿಲ್ಲಿಸುತ್ತಿದ್ದ ಎತ್ತರಕ್ಕೇ ಎತ್ತಿ ಕೈ ತೆಗೆದೆ. ನಿಂತಿತು! ಖುಷಿಯಲ್ಲಿ ತಿರುಗಿದವನಿಗೆ ಅದೇ ಕದ ಹಣೆಗೆ ಬಡಿಯಿತು. ನಗು ಬಂತು, ಹಿಂದೆಯೇ ಕಣ್ಣುಗಳೂ ತುಂಬಿ ಬಂದವು.

ಕಿಟಕಿಯಾಚೆ ಪಕ್ಕದ ಮನೆಯ ಗೋಡೆಯ ಮೇಲೆ ಬಿಸಿಲು ಹಳದಿಯಾಗುತ್ತಿತ್ತು. ಈ ಹೊತ್ತಿಗೆ ಕಾಕು ಉಂಡು ಮುಗಿಸಿರುತ್ತಿದ್ದರು.